ಕೆರೆಗೆ ಕೋಟಿ, ಕೇರಿಗೆ ಪಿಟ್

ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, ಹತ್ತಿ ಉರಿದದ್ದು ದೇಶವೆಲ್ಲ ನೋಡ್ತು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಬೆಳ್ಳಂದೂರು, ಅಗರ, ವರ್ತೂರು ಕೆರೆಗಳಿಗೆ 500 ಕೋಟಿ ತೆಗೆದಿಡಿ ಅಂತ ಸರ್ಕಾರಕ್ಕೆ ಹೇಳ್ತು. ಒಳ್ಳೇದೇ, ಕೆರೆ ಉಳೀಬೇಕು.

ಆದರೆ ಕೆರೆ ಅಂಚಿನ ನಮ್ಮ ಕೇರಿಗೆ ಯುಜಿಡಿ ಪೈಪು ಕೊಡಿ ಅಂತ ಅರ್ಜಿ ಹಿಡ್ಕೊಂಡು ಹೋದರೆ, 'ಹಕ್ಕುಪತ್ರ ಎಲ್ಲಮ್ಮ?' ಅಂತಾರೆ. ಅಲ್ಲಾ ಸ್ವಾಮಿ, ಅಪಾರ್ಟ್‌ಮೆಂಟಿನ ಪಿಟ್ ತುಂಬಿದಾಗ ರಾತ್ರೋರಾತ್ರಿ ನಮ್ಮ ಹುಡುಗರನ್ನ ಕರೆಯೋಕೆ ಬರೋರು ಹಕ್ಕುಪತ್ರ ಕೇಳಲ್ವಲ್ಲ! ಹಾಗೆ ಗುಂಡಿಗೆ ಇಳಿಸೋದು ಅಪರಾಧ ಅಂತ 2013ರ ಕಾನೂನೇ ಇದೆ. ಒಳಗೆ ಸತ್ತರೆ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ತಮೇಲಿನ ದರ ಗೊತ್ತಾಯ್ತು. ಬದುಕಿರೋರ ಮನೆಗೆ ಪೈಪು ಎಳೆಯೋಕೆ ಎಷ್ಟಾಗುತ್ತೆ?

ಸೋಮವಾರ ಮತ್ತೆ ಅರ್ಜಿ ಕೊಡ್ತಿದ್ದೀವಿ. ಬರೋರು ಆಧಾರ್ ಜೆರಾಕ್ಸ್ ತನ್ನಿ. ಜೈ ಭೀಮ್.