ಅಮ್ಮನ ಹೆಸರು ಯಾವ ಕಾರ್ಡಿನಲ್ಲಿ?

ಊರು ಬಿಟ್ಟು ಬಂದ ನಮ್ಮಂಥವರಿಗೆ ರಾತ್ರಿ ಹತ್ತರ ಮೇಲೆ ಊರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. 2025ರ ಆಗಸ್ಟಿನಲ್ಲಿ ಅರಸೀಕೆರೆಯಿಂದ ನನ್ನ ತಮ್ಮ ಫೋನ್ ಮಾಡಿದಾಗಲೂ ಹಾಗೇ ಆಯಿತು. ಅವನು ಬಹಳ ಹೊತ್ತು ಮಳೆಯ ವಿಚಾರ, ಕೊಬ್ಬರಿ ಬೆಲೆಯ ವಿಚಾರ ಮಾತಾಡಿದ. ಕೊನೆಗೆ, “ಅಣ್ಣಾ, ಬೇಜಾರು ಮಾಡ್ಕೋಬೇಡ. ಅಮ್ಮನ ಹೆಸರನ್ನ ಪಾಲಿಸಿಯಿಂದ ತೆಗೆಸ್ಲಾ?” ಎಂದ.

ತಮ್ಮನದು ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ. 2019ರಲ್ಲಿ ಮನೆಮಂದಿಗೆಲ್ಲ ಸೇರಿಸಿ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಮಾಡಿಸಿದ್ದ. ಆಗ ವರ್ಷಕ್ಕೆ 17,700 ರೂಪಾಯಿ. ಆರು ವರ್ಷದಲ್ಲಿ ಅದು 40,120 ಆಗಿತ್ತು. ಇಂಥ ಕುಟುಂಬ ಪಾಲಿಸಿಗಳಲ್ಲಿ ಮನೆಯ ಹಿರಿಯರ ವಯಸ್ಸನ್ನು ಹಿಡಿದು ಕಂತು ಕಟ್ಟುತ್ತಾರೆ. ಅಮ್ಮನಿಗೆ ಅರವತ್ತೆಂಟು, ಬಿ.ಪಿ. ಉಂಟು, ಸಕ್ಕರೆ ಉಂಟು. ಅವಳೊಬ್ಬಳ ಹೆಸರು ತೆಗೆದರೆ ಕಂತು ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಏಜೆಂಟರು ಲೆಕ್ಕ ಹಾಕಿ ಕೊಟ್ಟಿದ್ದರಂತೆ.

ಕಂಪನಿಯವರು ಇದುವರೆಗೆ ಅಮ್ಮನ ಸಲುವಾಗಿ ಒಂದು ಕಾಸೂ ಕೊಟ್ಟಿರಲಿಲ್ಲ. ಅವಳು ಆಸ್ಪತ್ರೆಗೆ ಸೇರಿದವಳೇ ಅಲ್ಲ. ನಾನು ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಸಂಭಾವ್ಯತೆ ಎಂಬುದು ಕರುಣೆ ತೋರಿಸುವ ವಿಷಯವಲ್ಲವೆಂದು ಬಲ್ಲೆ. ವಿಮೆಯೆಂದರೆ ನೂರು ಜನ ಸೇರಿ ನಾಲ್ಕು ಜನರ ಕಷ್ಟ ಹೊರುವುದು ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ಆದರೆ ಆ ನೂರು ಜನರನ್ನು ವಯಸ್ಸಿನ ಪ್ರಕಾರ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿಬಿಟ್ಟರೆ, ಮುದುಕರ ಪಂಕ್ತಿಯಲ್ಲಿ ಕಷ್ಟ ಹೊರುವವರೂ ಮುದುಕರೇ ಆಗುತ್ತಾರಲ್ಲ!

ಸರ್ಕಾರದಿಂದ ತಮ್ಮನಿಗೆ ಏನೂ ಇಲ್ಲವೆ ಎಂದರೆ, ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತಮ್ಮನದು ಎ.ಪಿ.ಎಲ್. ಕಾರ್ಡು, ಅಂಥವರಿಗೆ ಗೊತ್ತುಪಡಿಸಿದ ದರದಲ್ಲಿ ಶೇಕಡಾ 30 ಮಾತ್ರ, ಉಳಿದ ಎಪ್ಪತ್ತು ಕೈಯಿಂದಲೇ. ಎಪ್ಪತ್ತು ವರ್ಷ ತುಂಬಿದವರಿಗೆ ಆದಾಯ ಕೇಳದೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ತಂದಿತು. ಅಮ್ಮ ಎರಡು ವರ್ಷ ತಡವಾಗಿ ಹುಟ್ಟಿದಳು. ಅದೂ ಆಸ್ಪತ್ರೆಗೆ ಸೇರಿದವರಿಗೆ, ದಿನಾ ನುಂಗುವ ಮಾತ್ರೆಗಲ್ಲ.

“ಅರ್ಧ ನಾನು ಕೊಡ್ತೀನಿ, ಹೆಸರು ಇರಲಿ ಬಿಡು” ಎನ್ನಬಹುದಿತ್ತು. ಎನ್ನಲಿಲ್ಲ. ನನ್ನ ಜೇಬಿನಲ್ಲಿ ಸಿ.ಜಿ.ಎಚ್.ಎಸ್. ಕಾರ್ಡು ಇತ್ತು.

ದೆಹಲಿಯ ನಮ್ಮ ಓದುಗರಲ್ಲಿ ಅನೇಕರಿಗೆ ಈ ಕಾರ್ಡಿನ ಪರಿಚಯ ಹೇಳಬೇಕಾಗಿಲ್ಲ. 1954ರಲ್ಲಿ ಇದೇ ದೆಹಲಿಯಲ್ಲಿ ಆರಂಭವಾದ ಯೋಜನೆ. ಡಿಸ್ಪೆನ್ಸರಿಗೆ ಈಗ ವೆಲ್‌ನೆಸ್ ಸೆಂಟರ್ ಎಂದು ಹೆಸರು. ಸರತಿ ಸಾಲು ಮಾತ್ರ ಹಳೆಯದೇ. ನನ್ನ ಸಂಬಳದಲ್ಲಿ ತಿಂಗಳಿಗೆ 250 ರೂಪಾಯಿ ಮುರಿದುಕೊಳ್ಳುತ್ತಾರೆ. 2017ರಲ್ಲಿ ಗೊತ್ತುಮಾಡಿದ ದರವಿದು. ದೊಡ್ಡ ಅಧಿಕಾರಿಗಳಿಗೆ 1,000. ಇಲ್ಲಿ ಕೇಳುವುದು ಸಂಬಳವನ್ನು, ವಯಸ್ಸನ್ನಲ್ಲ. ಅಮ್ಮನನ್ನು ಸೇರಿಸಿದ ಮೇಲೆಯೂ 250 ರೂಪಾಯಿ 251 ಆಗಲಿಲ್ಲ.

ನಮ್ಮ ಸೆಕ್ಷನ್ನಿನಲ್ಲಿ ವೈದ್ಯಕೀಯ ಬಿಲ್ಲುಗಳನ್ನು ಪರಿಶೀಲಿಸುವ ಕುರ್ಚಿಯಲ್ಲಿ ಕೂತವನು ನಾನೇ. ಒಂದೊಂದು ಬಿಲ್ಲು ನೌಕರನ ಹತ್ತು ಇಪ್ಪತ್ತು ವರ್ಷದ ವಂತಿಗೆಯನ್ನು ಒಂದೇ ದಿನದಲ್ಲಿ ನುಂಗಿ ಹಾಕುತ್ತದೆ. ಮಿಕ್ಕದ್ದನ್ನು ಕೊಡುವುದು ಬೊಕ್ಕಸ, ಅಂದರೆ ತೆರಿಗೆ. ಹೋಗುವುದು ಬಹುಪಾಲು ಖಾಸಗಿ ಆಸ್ಪತ್ರೆಗೆ. ವರ್ಷಾನುಗಟ್ಟಲೆ ನಾನು ಹಸಿರು ಶಾಯಿಯ ಸಹಿಗೆ ಕಡತ ಕಳಿಸಿದ್ದೇನೆ, ಒಮ್ಮೆಯೂ ಈ ಯೋಚನೆ ಬಂದಿರಲಿಲ್ಲ. ತಮ್ಮನ ಫೋನ್ ಬಂದ ಮೇಲೆ ಬಂತು. ಅವನು ಕೊಳ್ಳುವ ಸೋಪಿನ ಮೇಲೆ ತೆರಿಗೆ ಇದೆ, ಅಂಗಡಿಯ ಫ್ಯಾನಿನ ಮೇಲೆ ಇದೆ. ಅಮ್ಮನಿಗೆ ನನ್ನ ಕಾರ್ಡಿನಲ್ಲಿ ಸಿಗುವ ಮಾತ್ರೆಗೆ ಅವನೂ ದುಡ್ಡು ಹಾಕುತ್ತಿದ್ದಾನೆ. ತನ್ನ ಕಾರ್ಡಿನಲ್ಲಿ ಅವಳನ್ನು ಇಟ್ಟುಕೊಳ್ಳಲು ಮಾತ್ರ ಅವನಿಗೆ ಶಕ್ತಿ ಸಾಲದು.

ಇನ್ನೊಂದು ತಮಾಷೆ ಕೇಳಿ. ಆ 40,120 ರೂಪಾಯಿಯಲ್ಲಿ 6,120 ರೂಪಾಯಿ ಜಿ.ಎಸ್.ಟಿ. 2017ರ ಜುಲೈಯಿಂದ ಆರೋಗ್ಯ ವಿಮೆಗೆ ಶೇಕಡಾ 18 ತೆರಿಗೆ ಇತ್ತು. ಸರ್ಕಾರಿ ಆಸ್ಪತ್ರೆ ಸಾಲದೆಂದು ಜನ ವಿಮೆ ಕೊಳ್ಳುವುದು, ಕೊಂಡದ್ದಕ್ಕೆ ಸರ್ಕಾರ ತೆರಿಗೆ ಹಾಕುವುದು! 2025ರ ಸೆಪ್ಟೆಂಬರ್ 22ರಿಂದ ಖಾಸಗಿಯಾಗಿ ಮಾಡಿಸುವ ಇಂಥ ಪಾಲಿಸಿಗಳಿಗೆ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು. ತಮ್ಮನ ಕಂತು ಆಗಸ್ಟಿನದು. ಆದಾಯ ತೆರಿಗೆಯಲ್ಲಿ ವಿಮಾ ಕಂತಿಗೆ ವಿನಾಯಿತಿ ಉಂಟಲ್ಲ ಎಂದು ನಮ್ಮ ಆಫೀಸಿನ ಒಬ್ಬರು ನೆನಪಿಸಿದರು. ಉಂಟು, ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ. ಕಟ್ಟುವಷ್ಟು ಆದಾಯವೇ ಇಲ್ಲದವನಿಗೆ ವಿನಾಯಿತಿ ಕೊಡುವುದು ಬೋಳುತಲೆಯವನಿಗೆ ಬಾಚಣಿಗೆ ಕೊಟ್ಟಂತೆ.

ಅವಲಂಬಿತ ತಾಯಿಯ ಹೆಸರು ಕಾರ್ಡಿನಲ್ಲಿ ಇರಬೇಕಾದರೆ ಆಕೆ ನೌಕರನ ಜೊತೆಯಲ್ಲಿ ವಾಸವಾಗಿರಬೇಕು. ಹಾಗಾಗಿ ಸೆಪ್ಟೆಂಬರಿನಲ್ಲಿ ಅಮ್ಮ ದೆಹಲಿಗೆ ಬಂದಳು. ಹೆಸರು ತೆಗೆಸಿದ ಸಂಗತಿ ಅವಳಿಗೆ ಹೇಳುವುದು ಬೇಡವೆಂದಿದ್ದೆವು. ಮೊಮ್ಮಗಳ ಬಾಯಿಂದ ಗೊತ್ತಾಯಿತು. “ಯಾಕಪ್ಪಾ, ನಾನು ಸತ್ತೋದೆ ಅಂತ ಬರ್ಕೊಟ್ನಾ ಅವನು?” ಎಂದು ಕೇಳಿದಳು. ನಗುತ್ತಲೇ ಕೇಳಿದಳು. ನನ್ನ ಹೆಂಡತಿ ಅಡುಗೆಮನೆಯಿಂದ, “ಹಾಗಲ್ಲ ಅತ್ತೆ, ಇಲ್ಲಿ ಎಲ್ಲಾ ಪುಕ್ಕಟೆ ನೋಡಿ, ಅದಕ್ಕೆ” ಎಂದಳು. ಪುಕ್ಕಟೆ ಎಂಬ ಮಾತು ನನಗೆ ಚುಚ್ಚಿತು, ಆದರೆ ಸಮಯ ಅದಲ್ಲ ಎಂದು ಸುಮ್ಮನಾದೆ.

ನವೆಂಬರಿನಲ್ಲಿ ದೆಹಲಿಯ ಹೊಗೆ ಇಳಿಯಿತು. ಅರಸೀಕೆರೆಯಲ್ಲಿ ಒಂದು ದಿನವೂ ಕೆಮ್ಮದವಳು, ಆರೋಗ್ಯದ ಸಲುವಾಗಿ ಬಂದವಳು, ರಾತ್ರಿಯೆಲ್ಲ ಕೆಮ್ಮಿದಳು. ಡಿಸ್ಪೆನ್ಸರಿಯ ಡಾಕ್ಟರು ಒಳ್ಳೆಯವರು. ಔಷಧ ಬರೆದರು, ಅಲ್ಲಿ ಇಲ್ಲದ್ದನ್ನು ಕೆಮಿಸ್ಟರಿಂದ ತರಿಸಿಕೊಟ್ಟರು. ಎರಡು ಗಂಟೆ ಸಾಲಿನಲ್ಲಿ ಕಾಯುವಾಗ ಅಮ್ಮ ಪಕ್ಕದ ಪಂಜಾಬಿ ಅಜ್ಜಿಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಏನೋ ಹೇಳುತ್ತಿದ್ದಳು, ಆ ಅಜ್ಜಿ ತಲೆದೂಗುತ್ತಿದ್ದಳು.

ಮೊನ್ನೆ ಭಾನುವಾರ ಮಾತ್ರೆಯ ಹಾಳೆಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿ ಎಣಿಸುತ್ತಾ ಕೂತಿದ್ದಳು. ಎರಡು ಸಲ ಎಣಿಸಿ, “ಮೂವತ್ತು ದಿನಕ್ಕಿದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ತೆಗಿ, ಮುಗಿಯೋದ್ರೊಳಗೆ ಬಂದ್ಬಿಡ್ತೀನಿ” ಎಂದಳು.

ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ ತೆಗೆದಿದ್ದೇನೆ. ಬರುವ ಟಿಕೆಟ್ ಮಾತ್ರ ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ.