ಅಲುಗುವ ತಲೆ, ಅಳೆಯುವ ಯಂತ್ರ

ಅಕ್ಕಸಾಲಿಗನು ಗಾಳಿ ಬೀಸುವೆಡೆಯಲ್ಲಿ ತಕ್ಕಡಿ ಹಿಡಿಯುವುದಿಲ್ಲ. ಗುಲಗಂಜಿ ತೂಕದ ಚಿನ್ನಕ್ಕೇ ಅಷ್ಟು ಎಚ್ಚರಿಕೆ ಸಲ್ಲುವುದಾದರೆ ಜೀವಂತ ಮನುಷ್ಯನ ಮೆದುಳನ್ನು ಅಳೆಯುವವರಿಗೆ ಇನ್ನೆಷ್ಟು ಬೇಕು! ಮೆದುಳಿನ ಹೊರಪದರದ ದಪ್ಪ ಸರಾಸರಿ 2.5 ಮಿಲಿಮೀಟರು ಮಾತ್ರ. ನೆನಪಿಗೆ ಆಸರೆಯಾದ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಆರೋಗ್ಯವಂತ ವೃದ್ಧರಲ್ಲಿ ವರ್ಷಕ್ಕೆ ಶೇಕಡಾ 1ರಿಂದ 1.5ರಷ್ಟು ಕುಗ್ಗಿದರೆ, ಆಲ್‌ಝೈಮರ್ ರೋಗಿಗಳಲ್ಲಿ ಶೇಕಡಾ 4ರ ಆಸುಪಾಸು ಕುಗ್ಗುತ್ತದೆ. ಸಹಜವಾದ ಮುಪ್ಪೋ ರೋಗವೋ ಎಂಬ ಪ್ರಶ್ನೆ ಈ ಅಲ್ಪ ಅಂತರದಲ್ಲಿ ಅಡಗಿದೆ.

ಮೆದುಳನ್ನು ಕೊಯ್ಯದೆ ಕಾಣುವ ಎಂ.ಆರ್.ಐ. ವಿದ್ಯೆಯು 1973ರಲ್ಲಿ ಪಾಲ್ ಲಾಟರ್‌ಬರ್ ಪ್ರಕಟಿಸಿದ ಚಿಕ್ಕದೊಂದು ಲೇಖನದಿಂದ ರೂಪುಗೊಂಡಿತು. 2003ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಮೆದುಳಿನ ರಚನೆಯನ್ನು ಅಳೆಯಲು ತಕ್ಕ ಚಿತ್ರವೊಂದಕ್ಕೆ ಸಾಮಾನ್ಯವಾಗಿ ಐದಾರು ನಿಮಿಷ ಬೇಕು. ಅಷ್ಟು ಹೊತ್ತು ತಲೆ ಅಲುಗಕೂಡದು. ಇಪ್ಪತ್ತೈದರ ತರುಣನಿಗೆ ಇದೇನೂ ಕಷ್ಟವಲ್ಲ. ಎಂಟರ ಬಾಲಕನಿಗೆ, ಎಂಬತ್ತರ ಅಜ್ಜನಿಗೆ, ತನ್ನನ್ನು ಅಲ್ಲಿ ಮಲಗಿಸಿದ್ದೇಕೆಂಬುದನ್ನೇ ಮರೆಯುವ ರೋಗಿಗೆ, ಗಡಗಡ ಸದ್ದಿನ ಆ ಕೊಳವೆಯೊಳಗೆ ಐದು ನಿಮಿಷವೆಂದರೆ ಒಂದು ಯುಗ. ತಲೆ ಅಲುಗಿದರೆ ಚಿತ್ರ ಮಸುಕಾಗುವುದಷ್ಟೇ ಅಲ್ಲ. ಮೆದುಳಿನ ಬೂದುಭಾಗವು ಇದ್ದುದಕ್ಕಿಂತ ಕಡಿಮೆಯಾಗಿ ತೋರುತ್ತದೆಂದು 2015ರ ಅಧ್ಯಯನವೊಂದು ತೋರಿಸಿತು. ಚಡಪಡಿಕೆಯು ಸವೆತವೆಂದು ಲೆಕ್ಕಕ್ಕೆ ಸೇರುವುದು ಎಂಥ ವಿಪರ್ಯಾಸ!

ಆದುದರಿಂದ ವೇಗದ ಚಿತ್ರಣವು ಕೇವಲ ಸಮಯದ ಉಳಿತಾಯವಲ್ಲ. ಸಂಕೇತಗಳನ್ನು ವಿರಳವಾಗಿ ಸಂಗ್ರಹಿಸಿ ಉಳಿದುದನ್ನು ಗಣಿತದಿಂದ ತುಂಬಿಕೊಳ್ಳುವ ಉಪಾಯವನ್ನು 2007ರಲ್ಲಿ ಎಂ.ಆರ್.ಐ.ಗೆ ಅಳವಡಿಸಿ ತೋರಿಸಲಾಯಿತು. ಈಗ ಒಂದು ನಿಮಿಷದ ಆಸುಪಾಸಿನಲ್ಲಿ ಚಿತ್ರ ದೊರೆಯಬಲ್ಲದು. ಬಿಟ್ಟುದನ್ನು ಲೆಕ್ಕದಿಂದ ತುಂಬಿದ ಚಿತ್ರವನ್ನು ನಂಬುವುದೆಂತು ಎಂಬ ಶಂಕೆ ಸಹಜವೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತರುಣರನ್ನೂ ವೃದ್ಧರನ್ನೂ ಮರೆವಿನ ರೋಗಿಗಳನ್ನೂ ಮತ್ತೆ ಮತ್ತೆ ಅಳೆದು 2024ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಅವಸರದ ಒಂದು ಚಿತ್ರವು ನಿಧಾನದ ಚಿತ್ರಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಅಂಥ ಹಲವು ಚಿತ್ರಗಳ ಸರಾಸರಿಯಾದರೋ ಅದನ್ನು ಬಹುವಾಗಿ ಮೀರಿಸಿತು. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳುಳ್ಳ ಎಂಟು ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ತಪ್ಪು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುವುದು ಗಣಿತದ ನಿಯಮ. ಒಂದು ಚಿತ್ರ ಕೆಟ್ಟರೂ ಉಳಿದವು ಕೈಯಲ್ಲಿರುತ್ತವೆ.

ಆದರೆ ಸರಾಸರಿಯು ಆಕಸ್ಮಿಕ ತಪ್ಪನ್ನು ಮಾತ್ರ ಅಳಿಸಬಲ್ಲದು. ವಿಧಾನದಲ್ಲಿಯೇ ಇರುವ ಓರೆಯನ್ನಲ್ಲ. ಒಬ್ಬರನ್ನೇ ಹೋದ ವರ್ಷ ನಿಧಾನದ ವಿಧಾನದಿಂದಲೂ ಈ ವರ್ಷ ವೇಗದ ವಿಧಾನದಿಂದಲೂ ಅಳೆದರೆ, ವಿಧಾನಗಳ ಅಂತರವೇ ಮೆದುಳಿನ ಸವೆತವಾಗಿ ಕಂಡೀತು. ಹಲವು ವರ್ಷ ನಡೆಯುವ ಅಧ್ಯಯನಗಳು ಹಳೆಯದನ್ನು ಕೈಬಿಡುವ ಮುನ್ನ ಎರಡು ವಿಧಾನಗಳಿಂದಲೂ ಅದೇ ವ್ಯಕ್ತಿಗಳನ್ನು ಅಳೆದು, ಆ ಅಂತರವನ್ನು ಮೊದಲು ಗುರುತಿಸಿಕೊಳ್ಳಬೇಕಾಗುತ್ತದೆ.