ಪಾಠ ಕಲಿತ ಬಿಳಿ ರಕ್ತಕಣ

ಮಕ್ಕಳೇ, ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳಿಗೆ ಸೂಕ್ಷ್ಮದರ್ಶಕ ಹಿಡಿದುಕೊಂಡು ಹೋಗುವುದು ನನ್ನ ಕೆಲಸ. ಒಂದು ಶಾಲೆಯಲ್ಲಿ ರಕ್ತದ ಸ್ಲೈಡ್ ತೋರಿಸುತ್ತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಬಿಳಿ ರಕ್ತಕಣ ನಮ್ಮ ಸೈನಿಕ ಅಂತ ಪುಸ್ತಕದಲ್ಲಿ ಉಂಟು. ಮತ್ತೆ ಕ್ಯಾನ್ಸರನ್ನು ಅದು ಯಾಕೆ ಸುಮ್ಮನೆ ಬಿಡುತ್ತದೆ?”

ಅವಳ ತರಗತಿಯ ಹುಡುಗನೊಬ್ಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಆಗಷ್ಟೇ ಶಾಲೆಗೆ ಮರಳಿದ್ದ. ಬೆಂಚಿನಲ್ಲಿ ಅವನ ಪಕ್ಕದ ಜಾಗ ಖಾಲಿ ಇತ್ತು. ಆದ್ದರಿಂದ ಮೊದಲು ಇದನ್ನು ಹೇಳಿದೆ: ಕ್ಯಾನ್ಸರ್ ಅಂಟುರೋಗವಲ್ಲ. ಜೊತೆಯಲ್ಲಿ ಕುಳಿತರೆ, ಉಂಡರೆ, ಆಡಿದರೆ ಬರುವುದಿಲ್ಲ. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರ್ ಔಷಧಿಯಿಂದಲೇ ಅನೇಕರಲ್ಲಿ ಗುಣವಾಗುತ್ತದೆ.

ಇನ್ನು ಅವಳ ಪ್ರಶ್ನೆ. ರೋಗಾಣು ಹೊರಗಿನಿಂದ ಬರುತ್ತದೆ. ಕ್ಯಾನ್ಸರ್ ಕೋಶವಾದರೋ ನಮ್ಮದೇ ಜೀವಕೋಶ, ಮಿತಿಮೀರಿ ವಿಭಜನೆಯಾಗುವಂಥದ್ದು. ಮನೆಯ ನಾಯಿ ಮನೆಯವರನ್ನು ಕಂಡು ಬೊಗಳುತ್ತದೆಯೇ? ಬಿಳಿ ರಕ್ತಕಣವೂ ಎಷ್ಟೋ ಸಲ ಹಾಗೆಯೇ ಸುಮ್ಮನಿರುತ್ತದೆ.

ಅದಕ್ಕೆ ಗುರುತು ಹಿಡಿಯಲು ಕಲಿಸಿದರೆ? 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿಗೆ ಇದನ್ನು ಮಾಡಿದರು. ಅವಳ ರಕ್ತದ ಕ್ಯಾನ್ಸರ್ ಯಾವ ಔಷಧಿಗೂ ಬಗ್ಗಿರಲಿಲ್ಲ. ಅವಳ ರಕ್ತದಿಂದ ‘ಟಿ-ಕೋಶ’ ಎಂಬ ಬಿಳಿ ಕಣಗಳನ್ನು ಬೇರ್ಪಡಿಸಿ, ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹಿಡಿಯುವ ಹೊಸ ವಂಶವಾಹಿಯೊಂದನ್ನು ಸೇರಿಸಿ, ಮರಳಿ ದೇಹಕ್ಕೆ ಬಿಟ್ಟರು. ನಮ್ಮ ಊರಲ್ಲಿ ಹಿಪ್ಪಲಿ ಬುಡಕ್ಕೆ ಕರಿಮೆಣಸಿನ ಕುಡಿ ಕಸಿ ಕಟ್ಟುತ್ತಾರಲ್ಲ, ಸ್ವಲ್ಪ ಹಾಗೆ. ಹೋಲಿಕೆ ಪೂರ್ತಿ ಸರಿಯಲ್ಲ. ಇಲ್ಲಿ ಸೇರಿಸಿದ್ದು ಕಣ್ಣಿಗೆ ಕಾಣದ ವಂಶವಾಹಿ. ಅದನ್ನು ಕೋಶದೊಳಕ್ಕೆ ಹೊತ್ತೊಯ್ದದ್ದು ಯಾವುದು ಗೊತ್ತೇ? ರೋಗ ತರುವ ಭಾಗಗಳನ್ನು ತೆಗೆದುಹಾಕಿದ ಏಡ್ಸ್ ವೈರಸ್!

ಕಲಿತ ಕಣಗಳು ಕ್ಯಾನ್ಸರಿನ ಮೇಲೆ ಬಿದ್ದವು. ಆದರೆ ಕಾದಾಟದ ಬಿಸಿ ಎಮಿಲಿಯನ್ನೇ ಸುಟ್ಟಿತು. ಜ್ವರ ಏರಿತು, ಉಸಿರಾಟಕ್ಕೆ ಯಂತ್ರ ಹಚ್ಚಬೇಕಾಯಿತು. ಪರೀಕ್ಷಿಸಿದಾಗ ಅವಳ ರಕ್ತದಲ್ಲಿ ಉರಿಯೂತ ತರುವ ಒಂದು ರಾಸಾಯನಿಕ ವಿಪರೀತ ಹೆಚ್ಚಿತ್ತು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತವಿದ್ದುದರಿಂದ, ಆ ರಾಸಾಯನಿಕವನ್ನು ತಡೆಯುವ ಸಂಧಿವಾತದ ಔಷಧಿಯೊಂದು ಅವರಿಗೆ ತಿಳಿದಿತ್ತು. ಅದನ್ನು ಕೊಟ್ಟ ಮೇಲೆ ಎಮಿಲಿ ಚೇತರಿಸಿಕೊಂಡಳು. ಮುಂದೆ ಶಾಲೆ ಮುಗಿಸಿ ಕಾಲೇಜಿಗೂ ಹೋದಳು.

‘ಕಾರ್-ಟಿ’ ಎಂಬ ಈ ಚಿಕಿತ್ಸೆ ನಮ್ಮ ದೇಶಕ್ಕೂ ಬಂದಿದೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ರೂಪಿಸಿದ್ದಕ್ಕೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ, ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ವಿಧಾನವನ್ನು ತಂದು, ದೊಡ್ಡವರ ಲಿಂಫೋಮಾ ಎಂಬ ಕ್ಯಾನ್ಸರಿಗೆ 2025ರಲ್ಲಿ ಬಿಡುಗಡೆ ಮಾಡಿತು. ವಿದೇಶಕ್ಕಿಂತ ಅಗ್ಗವೆಂದರೂ ಖರ್ಚು ಲಕ್ಷಗಟ್ಟಲೆ. ಅಡಿಕೆ ಸುಲಿದು ಬದುಕುವ ಮನೆಗೆ ಇದು ಎಟಕುವಂತಾಗಬೇಕು ಎಂಬುದು ನನ್ನ ಆಸೆ.

ನನಗೆ ಇನ್ನೂ ಹೆಚ್ಚು ಕುತೂಹಲ ಹುಟ್ಟಿಸಿದ್ದು ಹೃದಯದ ಸುದ್ದಿ. ಹೃದಯಕ್ಕೆ ಪೆಟ್ಟಾದಾಗ ಅಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಹೃದಯ ಸರಾಗವಾಗಿ ಹಿಗ್ಗಿ ಕುಗ್ಗಲಾರದು. ಕ್ಯಾನ್ಸರ್ ಕೋಶದ ಬದಲು ಈ ನಾರು ಮಾಡುವ ಕೋಶಗಳ ಗುರುತನ್ನೇ ಟಿ-ಕೋಶಕ್ಕೆ ಕಲಿಸಬಾರದೇಕೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೊನಾಥನ್ ಎಪ್‌ಸ್ಟೈನ್ ಮತ್ತು ಸಂಗಡಿಗರು 2022ರಲ್ಲಿ ಇದನ್ನು ಇಲಿಗಳಲ್ಲಿ ಮಾಡಿ ತೋರಿಸಿದರು. ರಕ್ತ ಹೊರಗೆ ತೆಗೆಯಲೇ ಇಲ್ಲ. ಕೆಲವು ಕೋವಿಡ್ ಲಸಿಕೆಗಳಲ್ಲಿದ್ದಂತೆ, ಕೊಬ್ಬಿನ ಸಣ್ಣ ಹನಿಗಳಲ್ಲಿ ‘ಎಂಆರ್‌ಎನ್‌ಎ’ ಎಂಬ ಸಂದೇಶ ತುಂಬಿ ಚುಚ್ಚಿದರು. ಇಲಿಗಳ ಹೃದಯದಲ್ಲಿ ನಾರು ಕಡಿಮೆಯಾಯಿತು, ಬಡಿತದ ಬಲ ಹೆಚ್ಚಿತು.

ಈ ಸಂದೇಶ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಬೇಕೆಂದೇ ಹಾಗೆ ಮಾಡಿದ್ದು. ನೀವು ಆಟದಲ್ಲಿ ಬಿದ್ದು ಮೊಣಕಾಲು ಸೀಳಿಕೊಂಡರೆ ಗಾಯ ಮಾಯಿಸಲು ಅದೇ ಜಾತಿಯ ನಾರಿನ ಕೋಶಗಳು ಬೇಕಲ್ಲವೇ? ಅಷ್ಟರೊಳಗೆ ಟಿ-ಕೋಶ ಕಲಿತ ಪಾಠವನ್ನು ಮರೆತಿರಬೇಕು.